ಹಿರೇಮದ್ದಿನ ಹಣ್ಣು

ನಿನ್ನೆ ಕುಕನೂರಿನ ಅಕ್ಕನ ಮನೆಯಲ್ಲಿ ಅವಳ ಮಗಳು ತಾಯಿಯ ಮೊಣಕಾಲು ನೋವಿಗೆಂದು ಅಶ್ವಗಂಧದ ಪುಡಿ ತಂದಿದ್ದಳು. ಮುಚ್ಚಳ ತೆಗೆದದ್ದೇ ತಡ, ಕುದುರೆಯ ಬೆವರಿನಂಥ ಆ ವಾಸನೆ ಮನೆಯೆಲ್ಲ ಹರಡಿತು. ಅಂಗಡಿಯಲ್ಲಿ ಅದು ಅಶ್ವಗಂಧ. ನಮ್ಮ ಹೊಲದ ಬದುವಿನಲ್ಲಿ, ಯಾವ ಬಿಸಿಲಿಗೂ ಜಗ್ಗದ ಹಿರೇಮದ್ದಿನ ಗಿಡ.

“ನಿಮ್ಮವ್ವಗ ಪುಡಿ ಯಾಕ? ಬದುವಿನ್ಯಾಗ ಬಿಡು, ಮೇಯ್ತಾಳ!” ಎಂದ ಅಕ್ಕನ ಗಂಡ. ಇಪ್ಪತ್ತು ವರ್ಷದಿಂದ ಇದೇ ಚೇಷ್ಟೆ. ಅಕ್ಕನೂ ನಗುತ್ತಾಳೆ, ನಾನೂ ನಗುತ್ತ ಬಂದವನೇ.

ಈ ಚೇಷ್ಟೆ ಯಾಕೆಂದು ನಿಮಗೆ ಹೇಳಬೇಕು. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವನು ನಾನು, ಅದೂ ಸಸ್ಯಶಾಸ್ತ್ರದಲ್ಲಿ. ರಜೆಯಲ್ಲೆಲ್ಲ ಕೂಲಿ ಮಾಡಿ ಓದಿದ್ದು, ತೋರಿಸಿಕೊಳ್ಳದೆ ಇರಲಾದೀತೆ? ಹುಲ್ಲುಕಡ್ಡಿ ಕಂಡರೂ ಪಾಠ ಶುರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಅಕ್ಕ ಒಂದು ದಿನ ನಮ್ಮ ಹೊಲದ ಬದುವಿನ ಮೇಲೆ ಕುಳಿತು, “ಏನರ ತಿನಬೇಕನಸ್ತೈತೋ ತಮ್ಮಾ” ಎಂದಳು. ಹತ್ತಿರದ ಹಿರೇಮದ್ದಿನ ಗಿಡದಲ್ಲಿ ಕಾಗದದಂಥ ಹೊದಿಕೆಯೊಳಗೆ ಕೆಂಪು ಹಣ್ಣು. ಚಿಕ್ಕಂದಿನಲ್ಲಿ ತಿನ್ನುತ್ತಿದ್ದ ಬುಡ್ಡಿ ಹಣ್ಣಿಗೂ ಅಂಥದೇ ಹೊದಿಕೆ.

“ಎರಡೂ ಬದನಿ ಜಾತೀವ. ತಿನ್ನು, ನಾ ಓದೀನಿ” ಎಂದು ಬೊಗಸೆ ತುಂಬ ಹರಿದು ಕೊಟ್ಟೆ.

ಬುತ್ತಿ ತಂದ ಅವ್ವ ನೆಲದ ಮೇಲಿನ ಹೊದಿಕೆ ನೋಡಿ ಚೀರಿದಳು: “ಬಸುರಿಗೆ ಹಿರೇಮದ್ದು ತಿನಸ್ತಾರೇನಲೇ? ಕೂಸು ಉಳಿತೈತೇನು?”

ಕುಕನೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಕ್ಕ ಎರಡು ಸಲ ವಾಂತಿ ಮಾಡಿಕೊಂಡಳು.

“ಕೂಸು ಮಿಸುಕಾಡ್ತೈತೇನವ್ವಾ?” ಡಾಕ್ಟರು ಕೇಳಿದರು.

“ಇಲ್ರಿ.”

“ಯಾರು ಕೊಟ್ರು ಆ ಹಣ್ಣು?”

ಸುದ್ದಿ ಕೇಳಿ ಓಡಿ ಬಂದ ಅವಳ ಗಂಡ ಬಾಗಿಲಲ್ಲಿದ್ದ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, “ನಾನ ಹರಕೊಂಡು ತಿಂದೆರಿ” ಎಂದಳು. ತೆರೆಯುತ್ತಿದ್ದೆ ಎನ್ನುವುದೂ ಸುಳ್ಳು, ಮುಚ್ಚಿಕೊಂಡೇ ನಿಂತಿದ್ದೆ.

ಅವ್ವ ಮಗಳ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕುಳಿತಳು. ಹೊರಗೆ ಬಿಸಿಲು ಗೋಡೆ ಇಳಿದು ಅಂಗಳ ದಾಟಿತು. ಅವ್ವ ಅಲುಗಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಕಡೆಗೊಮ್ಮೆ ಆ ಅಂಗೈ ತಟ್ಟನೆ ಮೇಲೆದ್ದಿತು. “ಒದೀತು!”

ಹಾಗೆ ಒದ್ದವಳೇ ನಿನ್ನೆ ಪುಡಿ ತಂದವಳು.

“ಮಾಮಾ, ಅವತ್ತು ಆ ಹಣ್ಣು ಹರಿದು ಕೊಟ್ಟಾವ ನಾನು” ಎಂದೆ ಅಕ್ಕನ ಗಂಡನಿಗೆ, ಅವಳೆದುರೇ.

ಮಾಮನ ನಗು ನಿಂತಿತು. ಮಗಳ ಮುಖ ನೋಡಿದ, ಆಮೇಲೆ ನನ್ನದು. ನಾನು ಬೈಗುಳಕ್ಕೆ ಕಾದೆ. ಮಾತಾಡಿದ್ದು ಅಕ್ಕ, ಅದೂ ಗಂಡನಿಗೆ. ಈ ಸಲ ಅವಳು ನಗುತ್ತಿರಲಿಲ್ಲ.

“ಇನ್ನ ಮ್ಯಾಲೆ ಮೇಯ್ತಾಳ ಅನಬ್ಯಾಡ್ರಿ.”