ಬಾಲ್ಕನಿಯ ಚಾಪೆ

ಮುಂಬೈ ಹತ್ತಿರದ ಡೊಂಬಿವಿಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಮುಟ್ಟಾದವರ ಜಾಗ ಬಾಲ್ಕನಿ. ಉಡುಪಿ ಬಿಟ್ಟು ಬಂದರೂ ಅತ್ತೆ ಆ ಪದ್ಧತಿ ಬಿಟ್ಟಿರಲಿಲ್ಲ. ಮೂರು ದಿನ ಅಲ್ಲಿ ಚಾಪೆ ಹಾಸಿಕೊಂಡು ಕೂರಬೇಕು. ಕಾಫಿ ಲೋಟವನ್ನು ಹೊಸ್ತಿಲ ಬಳಿ ನೆಲದ ಮೇಲಿಟ್ಟು ಅತ್ತೆ ಹಿಂದೆ ಸರಿಯುತ್ತಿದ್ದರು. ನನಗೆ ಒಳಗೊಳಗೇ ಸಿಟ್ಟು. ಆದರೂ ಹದಿನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ನಿಜ ಹೇಳಬೇಕೆಂದರೆ, ಮೂರು ದಿನ ಅಡುಗೆ ತಪ್ಪುತ್ತಿತ್ತಲ್ಲ!

ಆ ಸಲ ಹೊರಗೆ ಕೂತವಳು ನನ್ನ ಓರಗಿತ್ತಿ, ಮೈದುನನ ಹೆಂಡತಿ. ನಾಲ್ಕನೇ ದಿನ ಮಿಂದು ಒಳಗೆ ಬಂದಳು, ಆರನೇ ದಿನ ಮತ್ತೆ ಹೊರಗೆ. "ಇದೆಂತ ಮಾರಾಯ್ತಿ ನಿನ್ನದು?" ಎಂದು ಅತ್ತೆ ಗೊಣಗಿದರು. ತಿಂಗಳ ಮುಟ್ಟೆಂದೇ ಎಲ್ಲರೂ ತಿಳಿದೆವು. ಹೊರಗಿದ್ದವಳ ಹತ್ತಿರ ಯಾರೂ ಹೋಗಲಿಲ್ಲ.

ಒಂಬತ್ತನೇ ದಿನ ಬೆಳಗ್ಗೆ ಕಾಫಿ ಇಟ್ಟಲ್ಲೇ ತಣ್ಣಗಾಗಿತ್ತು. ನಾನು ಚಾಪೆಯವರೆಗೆ ಹೋಗಿ ಅವಳ ಹಣೆಗೆ ಕೈಯಿಟ್ಟೆ. ಕಾದ ಕಾವಲಿಯ ಹಾಗೆ ಸುಡುತ್ತಿತ್ತು. ತುಟಿ ಬಿಳಿಚಿಕೊಂಡಿತ್ತು.

"ಅಕ್ಕ, ಅತ್ತೆಗೆ ಹೇಳ್ಬೇಡಿ. ಮೂರನೇ ಮಗು ಬೇಡ ಇತ್ತು. ಮೆಡಿಕಲ್‌ನಿಂದ ಮಾತ್ರೆ ತಂದು ತಿಂದೆ. ಆಸ್ಪತ್ರೆಯಲ್ಲಿ ಗಂಡನ ಸೈನ್ ಕೇಳ್ತಾರಂತಲ್ಲ..."

ಗಂಡಸರಿಬ್ಬರೂ ವಿಠ್ಠಲವಾಡಿಯ ಹೋಟೆಲಿನ ಕೆಲಸಕ್ಕೆ ಹೋಗಿದ್ದರು. ಅವರು ಬರುವವರೆಗೆ ಕಾಯುವ ಮಾತೇ ಇಲ್ಲ. ಎತ್ತಲು ನೋಡಿದೆ, ಒಬ್ಬಳಿಂದ ಆಗಲಿಲ್ಲ. ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು.

"ನಂದಿನ್ನೂ ಪೂಜೆ ಆಗ್ಲಿಲ್ಲ."

"ಪೂಜೆ ಆಮೇಲೆ. ಇವಳು ಸಾಯ್ತಾಳೆ ಅತ್ತೆ. ಕಾಲು ಹಿಡೀರಿ!"

ಅವರೆದುರು ನಾನು ಅಷ್ಟು ಜೋರು ಮಾಡಿದ್ದು ಅದೇ ಮೊದಲು. ಅವರು ಹಿಡಿದರು.

ಆಸ್ಪತ್ರೆಯಲ್ಲಿ ತಿಳಿಯಿತು, ಗರ್ಭದ ಚೂರು ಒಳಗೇ ಉಳಿದು ನಂಜಾಗಿತ್ತು. ಎರಡು ಬಾಟಲಿ ರಕ್ತ ಕೊಟ್ಟರು. ಇನ್ನೊಂದು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರಮ್ಮ ನಮಗೆ ಚೆನ್ನಾಗಿ ಬೈದರು. ಗಂಡನ ಸಹಿ ಬೇಕೇ ಇರಲಿಲ್ಲವಂತೆ, ಅವಳದ್ದೇ ಸಾಕಿತ್ತಂತೆ. ನನಗೆ ಅಳು ಬಂತು. ಹೊರಗಿದ್ದಷ್ಟೂ ದಿನ ಅವಳಿಗೂ ನನಗೂ ನಡುವೆ ಇದ್ದದ್ದು ಒಂದು ಬಾಗಿಲು, ಅದೂ ತೆರೆದದ್ದು.

ಮುಂದಿನ ತಿಂಗಳು ನನ್ನ ಸರದಿ ಬಂತು. ಚಾಪೆ ಸುತ್ತಿ ಕಸಕ್ಕೆ ಹಾಕಿದೆ. ನೇರ ಅಡುಗೆಮನೆಗೆ ಹೋಗಿ, "ಅತ್ತೆ, ನನಗಿವತ್ತು ಶುರುವಾಗಿದೆ. ಇನ್ನು ಈ ಮನೆಯಲ್ಲಿ ಯಾರೂ ಹೊರಗೆ ಕೂರೂದಿಲ್ಲ," ಎಂದೆ.

ಓರಗಿತ್ತಿ ತರಕಾರಿ ಹೆಚ್ಚುವುದನ್ನು ನಿಲ್ಲಿಸಿದಳು. ಅತ್ತೆ ಕಾಫಿ ಬೆರೆಸಿ ತಂದರು, ಅಭ್ಯಾಸಬಲದಿಂದ ನೆಲಕ್ಕೆ ಬಗ್ಗಿದರು. ನಾನು ಕೈ ಚಾಚಿಯೇ ನಿಂತಿದ್ದೆ. ಅವರು ಸೊಂಟ ನೆಟ್ಟಗೆ ಮಾಡಿ ಲೋಟವನ್ನು ನನ್ನ ಕೈಗೆ ಕೊಟ್ಟರು.

"ಬಿಸಿ ಉಂಟು," ಎಂದರು.