ಸೋಮವಾರದ ಎತ್ತು

ನನ್ನ ಚಿತ್ರಕಥೆಯ ಎತ್ತು, ಕಾಗೆ ಇಂಟರ್‌ನೆಟ್ಟಿನಲ್ಲಿ ಇಷ್ಟು ವರ್ಷ ಬದುಕಿದ್ದು ಒಂದು ತಪ್ಪಿನಿಂದ ಎಂದರೆ ಯಾರೂ ನಂಬುವುದಿಲ್ಲ. ಹೇಳುತ್ತೇನೆ ಕೇಳಿ.

ಸವದತ್ತಿಗೆ ಸೈಬರ್ ಕೆಫೆ ಬಂದ ಹೊಸತು. ನಾನು ಪಿಯುಸಿ ಓದುತ್ತಿದ್ದೆ. ಚಿತ್ರ ಬರೆಯಲು ಯಾರೂ ಕಲಿಸಿರಲಿಲ್ಲ. ಅಪ್ಪನ ಬಟ್ಟೆ ಅಂಗಡಿಯಲ್ಲಿ ಅಂಗಿಯೊಳಗಿನ ರಟ್ಟು ಸಿಕ್ಕರೆ ಸಾಕು, ಶುರು. ನಾಲ್ಕು ಚೌಕ, ಒಂದು ಎತ್ತು, ಅದರ ಬೆನ್ನ ಮೇಲೊಂದು ಬಾಯಿಬಡುಕ ಕಾಗೆ. ಕೆಫೆಯ ಅಣ್ಣ ವಾರಕ್ಕೊಮ್ಮೆ ಸ್ಕ್ಯಾನರ್ ಪುಕ್ಕಟೆ ಕೊಡುತ್ತಿದ್ದ. ನಾನು ಅದನ್ನು ನನ್ನದೇ ಪುಟ್ಟ ವೆಬ್‌ಸೈಟಿಗೆ ಹಾಕಿದ ಮೇಲೆ ಒಂದು ಪ್ರಿಂಟ್ ತೆಗೆದು ಬಾಗಿಲಿಗೆ ಅಂಟಿಸುತ್ತಿದ್ದ. ನಿಂತು ನೋಡುವವರಲ್ಲಿ ಕೆಲವರಾದರೂ ಒಳಗೆ ಬರುತ್ತಾರೆಂದು ಅವನ ಆಸೆ. ನನಗೆ ಬೇರೆ ಸ್ಕ್ಯಾನರ್ ಸಿಗುವಂತಿರಲಿಲ್ಲ. ಆ ಬಾಗಿಲು ಮುಚ್ಚಿದರೆ ನನ್ನ ಎತ್ತಿನ ಕಥೆಯೂ ಮುಗಿದಂತೆ.

ಶನಿವಾರ ಹಾಕುವುದು ರೂಢಿ. ಒಂದು ವಾರ ಕರೆಂಟು ಕೈಕೊಟ್ಟು ಸೋಮವಾರ ಹಾಕಬೇಕಾಯಿತು. ಮೂಲೆಯಲ್ಲಿ ಆ ದಿನದ ವಾರ ಬರೆಯುವ ಚಟ ನನಗೆ. ಶನಿವಾರ ಅಳಿಸಿ ಸೋಮವಾರ ಎಂದು ಬರೆದೆ. ಚಿತ್ರದಲ್ಲಿ ಎತ್ತು ರಂಟೆ ಎಳೆದು ಹೊಲ ಉಳುತ್ತಿತ್ತು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಗದ್ದಲ. ಗೊಬ್ಬರ ಒಯ್ಯಲು ಉಗರಗೋಳದಿಂದ ಬಂದಿದ್ದ ಹಿರಿಯ ರೈತರೊಬ್ಬರು ಪ್ರಿಂಟಿನ ಮೇಲೆ ಬೆರಳಿಟ್ಟು ನಿಂತಿದ್ದರು.

"ಇದನ್ನ ಬರದವ್ರು ಯಾರ್ರಿ?"

ಕೆಫೆಯ ಅಣ್ಣ ನನ್ನತ್ತ ಕೈ ತೋರಿಸಿದ.

"ಯವ್ವಾ, ನೀ ಯಾ ಊರಾಕಿ?"

"ಇದ ಊರಾಕಿರಿ."

"ಇದ ಊರಾಕಿ ಆಗಿ ಸೋಮವಾರ ಎತ್ತು ಹೂಡಿಯಲ್ಲ? ನಾವೆಲ್ಲಾ ಇವತ್ತ್ಯಾಕ ಪ್ಯಾಟಿಗಿ ಬಂದೇವಿ? ಬಸವಣ್ಣಗ ಸೂಟಿ ಐತಂತ."

ಹಿಂದೆ ನಿಂತವರೂ ತಲೆಯಾಡಿಸಿದರು. ನಮ್ಮ ಕಡೆ ಎತ್ತೆಂದರೆ ಬಸವಣ್ಣ, ಸೋಮವಾರ ಅವನಿಗೆ ರಜೆ, ಕೊರಳಿಗೆ ನೊಗ ಹಾಕುವುದಿಲ್ಲ. ನನಗೂ ಗೊತ್ತಿದ್ದ ಮಾತೇ. ಆದರೆ ನಾನು ಅಂಗಡಿಕಾರನ ಮಗಳು. ಗೊತ್ತಿದ್ದದ್ದು ಪೆನ್ಸಿಲ್‌ವರೆಗೆ ಇಳಿದಿರಲಿಲ್ಲ.

ಅಣ್ಣ ಹಾಳೆ ಕಿತ್ತ. "ತಂಗಿ, ಮಂದಿ ಜೋಡಿ ಜಗಳಾ ನನಗ ಬ್ಯಾಡವಾ. ಇನ್ನೊಂದ ಸಲ ಹಿಂಗಾತಂದ್ರ ಸ್ಕ್ಯಾನರ್ ಬಂದ್."

ಮುಂದಿನ ವಾರ ಬೇಕೆಂದೇ ಸೋಮವಾರ ಹಾಕಿದೆ. ಎತ್ತು ಬೇವಿನ ಮರದ ಕೆಳಗೆ ಮಲಗಿದೆ. ಕಾಗೆ ಎನ್ನುತ್ತದೆ, "ಏಳಲೇ, ಚಿತ್ರಾ ಬರಿಯಾಕಿ ನೊಗಾ ತಂದಾಳ." ಎತ್ತು ಕಣ್ಣೂ ತೆರೆಯುವುದಿಲ್ಲ. "ಆಕೀಗೇ ಹೂಡ್ಕೊ ಅನ್ನು. ನನಗ ಸೂಟಿ." ಕೊನೆಯ ಚೌಕದಲ್ಲಿ ನನ್ನ ಹಾಗೇ ಎರಡು ಜಡೆಯ ಹುಡುಗಿಯೊಬ್ಬಳು ನೊಗ ಹೊತ್ತು ಹೊಲ ಉಳುತ್ತಿದ್ದಾಳೆ.

ಅದೇ ರೈತ ಈ ಸಲ ಹೆಂಡತಿಯನ್ನೂ ಕರೆತಂದಿದ್ದರು. ಬಾಗಿಲಿನ ಹಾಳೆಯನ್ನು ಅಕ್ಷರ ಕೂಡಿಸಿ ಕೂಡಿಸಿ ಜೋರಾಗಿ ಓದಿದರು. ನಾನು ಕಂಪ್ಯೂಟರಿನ ಹಿಂದೆ ಅಡಗಿ ಕುಳಿತಿದ್ದೆ. ಕೊನೆಯ ಚೌಕಕ್ಕೆ ಬಂದವರೇ ನಕ್ಕರು ನೋಡಿ, ಹೆಗಲ ಮೇಲಿನ ಟವೆಲ್ಲು ಜಾರಿ ಬಿತ್ತು.

"ಈಕೀ ಕಡಿಂದ ಇನ್ನೊಂದ ಎಕರೆ ಹೊಡಸ್ರಿ, ಬುದ್ಧಿ ಬರತೈತಿ."

ಅವರ ಹೆಂಡತಿ, ಆ ಅಜ್ಜಿ ಮಾತ್ರ ನಗಲಿಲ್ಲ. "ಎತ್ತಿಗಿ ಸೂಟಿ ಕೊಟ್ಟಿ, ಚಲೋ ಆತು. ನಮ್ಮ ಎಮ್ಮಿ ಸೋಮವಾರನೂ ಹಾಲ ಕೊಡತೈತಲ್ಲ, ಅದಕ್ಕ ಸೂಟಿ ಯಾವತ್ತ ಕೊಡತಿ?"

ಮರುವಾರವೇ ಎಮ್ಮೆ ಬಂತು, ಅಜ್ಜಿಯ ಮುಖಭಾವ ಹೊತ್ತು. ರಜೆಯ ಎತ್ತು, ನನಗೂ ಸೂಟಿ ಬೇಕೆಂಬ ಎಮ್ಮೆಯ ಕಾಟ ತಪ್ಪಿಸಿಕೊಂಡು ಊರೂರು ತಿರುಗತೊಡಗಿತು. ಕಿತ್ತೂರಿನ ಕೋಟೆ ಹತ್ತಿತು. ಬೈಲಹೊಂಗಲದಲ್ಲಿ ಹತ್ತಿಯ ಚೀಲಗಳ ಮೇಲೆ ನಿದ್ದೆ ಹೊಡೆಯಿತು. ರಾಮದುರ್ಗದ ಓದುಗರು ನಮ್ಮೂರಿಗೆ ಯಾವಾಗ ಎಂದು ವೆಬ್‌ಸೈಟಿನಲ್ಲಿ ಜಗಳಕ್ಕೇ ನಿಂತರು. ಅಲ್ಲಿಗೂ ಹೋಯಿತು.

ವರ್ಷಗಟ್ಟಲೆ ಒಂದು ಸೋಮವಾರವೂ ತಪ್ಪಲಿಲ್ಲ. ತಪ್ಪಲು ಅಣ್ಣ ಬಿಡಬೇಕಲ್ಲ? ಅವನೇ ದಪ್ಪಕ್ಷರದಲ್ಲಿ ಬರೆದು ಸ್ಕ್ಯಾನರಿಗೆ ಅಂಟಿಸಿದ್ದ: "ಸೋಮವಾರ ಮುಂಜಾನೆ ಎತ್ತಿನ ಪಾಳಿ. ಉಳಿದವರು ಆಮೇಲೆ ಬರ್ರಿ."