ದೇವರ ಹೂವಿನ ಮಾಸ್ತರರು

ಕುಮಟೆಯಲ್ಲಿ ನಮ್ಮ ಪಕ್ಕದ ಮನೆಯ ಮಾಸ್ತರರು ದಿನಾ ಬೆಳಿಗ್ಗೆ ಪೂಜೆಗೆಂದು ನಮ್ಮ ಅಂಗಳದ ದಾಸವಾಳ ಕೊಯ್ಯುತ್ತಿದ್ದರು. ಕೊಕ್ಕೆಯಿಂದ ಟೊಂಗೆ ಎಳೆದು, ಮೊಗ್ಗನ್ನೂ ಬಿಡುತ್ತಿರಲಿಲ್ಲ. ಯಾರಾದರೂ ನೋಡಿದರೆ, "ದೇವ್ರ ಹೂವಿಗೆ ಕೇಳೂದೆಂತ!" ಎಂದು ನಗುತ್ತಿದ್ದರು.

ಒಂದು ಭಾನುವಾರ ನಮ್ಮ ಟೀವಿಯಲ್ಲಿ ಹಳೆಯ ಫ್ರೆಂಚ್ ಕತೆಯೊಂದರ ಸಿನಿಮಾ ಬಂತು. ಅಪ್ಪನೊಬ್ಬ ಯಾರದೋ ತೋಟದಲ್ಲಿ ಕೇಳದೆ ಗುಲಾಬಿ ಕೊಯ್ಯುತ್ತಾನೆ. ಮೈತುಂಬ ಕೂದಲಿನ, ಮೃಗದಂಥ ಯಜಮಾನ ಅದಕ್ಕೆ ಬದಲಾಗಿ ಅವನ ಮಗಳನ್ನೇ ಕೇಳುತ್ತಾನೆ. ನಮ್ಮ ಜೊತೆ ಕೂತು ನೋಡುತ್ತಿದ್ದ ಮಾಸ್ತರರು ಚಾ ಅರ್ಧಕ್ಕೇ ಬಿಟ್ಟು ಎದ್ದುಹೋದರು.

ಮರುದಿನ ಗೇಟಿನಾಚೆಯೇ ನಿಂತು, "ತಮಾ, ಎರಡು ಹೂ ಕೊಯ್ಕೊಳ್ಲಾ?" ಎಂದರು.

"ಇದೆಂತ ಮಾಸ್ತರೇ, ಹೊಸ ಪದ್ಧತಿ?" ಎಂದೆ.

ಅವರು ನನ್ನ ಎರಡು ತಿಂಗಳ ಗಡ್ಡವನ್ನೇ ನೋಡಿದರು. "ನಮ್ಮನೇಲಿ ಮಗಳಿದ್ದಾಳಲ್ಲ, ತಮಾ."

ಅಂದೇ ಗಡ್ಡ ಬೋಳಿಸಿದೆ. ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ, ಗಿಡದಲ್ಲಿ ಒಂದು ಮೊಗ್ಗೂ ಉಳಿದಿರಲಿಲ್ಲ.